ದೊಡ್ಡ ತಲೆಯ ಕರಡಿ ಕಂಡರೆ ಮಗು ಕಿರುಚುತ್ತಾ? ಹೆದರಿಕೆ ಬಿಡಿಸೋದು ಹೀಗೆ

ನನ್ನ ಮಗಳಿಗೆ ಆಗ ಎರಡೂವರೆ ವರ್ಷ. ಒಂದು ಬರ್ತ್‌ಡೇ ಪಾರ್ಟಿಗೆ ಹೋಗಿದ್ದೆವು. ಕೇಕ್ ಕತ್ತರಿಸುವ ಹೊತ್ತಿಗೆ ಸರಿಯಾಗಿ ಕರಡಿ ವೇಷ ಹಾಕಿದ ಒಬ್ಬರು ಒಳಗೆ ಬಂದರು. ಬೇರೆ ಮಕ್ಕಳು ಓಡಿಹೋಗಿ ಅವರ ಕಾಲು ತಬ್ಬಿಕೊಂಡರು. ಇವಳು ನನ್ನ ಕಾಲರ್ ಹಿಡಿದುಕೊಂಡು, ಉಸಿರು ಸಿಕ್ಕಿಕೊಂಡ ಹಾಗೆ ಕಿರುಚಿದಳು. ನಾನೇನು ಮಾಡಿದೆ? "ಏನೂ ಮಾಡಲ್ಲ ಪುಟ್ಟಿ, ನೋಡು ಎಷ್ಟು ಮುದ್ದಾಗಿದೆ" ಅಂತ ಅವಳನ್ನು ಎತ್ತಿಕೊಂಡು ಕರಡಿಯ ಹತ್ತಿರಕ್ಕೇ ಹೋದೆ. ನನಗೊಂದು ಫೋಟೊ ಬೇಕಿತ್ತು. ಸಿಕ್ಕಿತು. ಅದರಲ್ಲಿ ಅವಳ ಮುಖ ಇಲ್ಲ. ನನ್ನ ಕುತ್ತಿಗೆಯಲ್ಲಿ ಹುದುಗಿದ ತಲೆಯ ಹಿಂಭಾಗ ಇದೆ, ಅಷ್ಟೇ. ಆಮೇಲೆ ಎರಡು ತಿಂಗಳು ಅವಳು ಬಲೂನು ಕಟ್ಟಿದ ಯಾವ ಮನೆಯೊಳಗೂ ಕಾಲಿಡಲಿಲ್ಲ.

ಆ ಎರಡು ತಿಂಗಳಲ್ಲಿ ಓದಿದ್ದು, ಮಾಡಿ ನೋಡಿದ್ದು, ಎಡವಿದ್ದು ಎಲ್ಲ ಇಲ್ಲಿದೆ. ವೇಷಕ್ಕೂ ಮಗುವಿಗೂ ನಡುವೆ ಎಷ್ಟು ದೂರ ಇರಬೇಕು ಅನ್ನೋದನ್ನು ಮಗುವೇ ಹೇಳಬೇಕು. ನಾನು ಕಲಿತದ್ದು ಮುಖ್ಯವಾಗಿ ಇದನ್ನೇ. ಕೆಳಗಿನ ಹೆಜ್ಜೆಗಳೆಲ್ಲ ಈ ಮಾತಿನಿಂದಲೇ ಹುಟ್ಟಿದವು.

ಮಗುವಿಗೆ ಕಾಣೋದು ಏನು?

ನಮ್ಮ ಕಣ್ಣಿಗೆ ಅದು ಬಟ್ಟೆ, ಸ್ಪಂಜು, ಒಳಗೆ ಬೆವರುತ್ತಿರುವ ಒಬ್ಬ ಮನುಷ್ಯ. ಮಗುವಿಗೆ ಹಾಗಲ್ಲ. 'ಕಾಣೋದು ಒಂದು, ಇರೋದು ಇನ್ನೊಂದು' ಅನ್ನೋದು ಎರಡು ಮೂರು ವರ್ಷದವರಿಗೆ ಇನ್ನೂ ಗಟ್ಟಿಯಾಗಿ ತಿಳಿದಿರುವುದಿಲ್ಲ. ಅಮೆರಿಕದ ಸಂಶೋಧಕಿ ರೀಟಾ ಡಿವ್ರೀಸ್ ಇದನ್ನು ಒಂದು ಸಾಧು ಬೆಕ್ಕಿನ ಮೂಲಕ ತೋರಿಸಿದರು. ಅವರ ಅಧ್ಯಯನ ಪ್ರಕಟವಾದದ್ದು 1969ರಲ್ಲಿ. ಬೆಕ್ಕಿನ ಹೆಸರು ಮೇನಾರ್ಡ್. ಮೂರರಿಂದ ಆರು ವರ್ಷದ ಮಕ್ಕಳಿಗೆ ಮೊದಲು ಬೆಕ್ಕನ್ನು ತೋರಿಸಿದರು. ಆಮೇಲೆ ಅದರ ಮುಂಭಾಗವನ್ನಷ್ಟೇ ಮರೆಮಾಡಿ, ಅದಕ್ಕೆ ನಾಯಿಯ ಮುಖವಾಡ ತೊಡಿಸಿದರು. ಬಾಲದ ಕಡೆಯ ಭಾಗ ಅಷ್ಟು ಹೊತ್ತೂ ಮಕ್ಕಳ ಕಣ್ಣೆದುರೇ ಇತ್ತು. ಆದರೂ ಮೂರು ವರ್ಷದ ಎಷ್ಟೋ ಮಕ್ಕಳು ಬೆಕ್ಕು ಈಗ ನಾಯಿಯೇ ಆಗಿಬಿಟ್ಟಿದೆ ಅಂದುಕೊಂಡರು. ಆರರ ಹತ್ತಿರ ಬಂದವರು ಹಾಗೆ ಮೋಸ ಹೋಗಲಿಲ್ಲ.

ಹಾಗಾಗಿ "ಒಳಗಿರೋದು ಅಂಕಲ್ ಕಣೇ" ಅನ್ನುವ ನಮ್ಮ ಸಮಾಧಾನ ಕೆಲವು ಸಲ ತಿರುಗಿ ಬೀಳುತ್ತದೆ. ನಾನು ಹಾಗಂದಾಗ ನನ್ನ ಮಗಳು ಕೇಳಿದ್ದು: "ಅಂಕಲನ್ನ ಕರಡಿ ನುಂಗಿದೆಯಾ?"

ಇನ್ನೊಂದು ಕಾರಣ ಆ ಮುಖವೇ. ಮಗು ನಕ್ಕರೆ ಅದು ನಗುವುದಿಲ್ಲ, ಅತ್ತರೆ ಹುಬ್ಬು ಗಂಟಿಕ್ಕುವುದಿಲ್ಲ. ಕಣ್ಣು ಪಿಳುಕಿಸುವುದಿಲ್ಲ. ಬಾಯಿ ಅಗಲಿಸಿಕೊಂಡು ಅದೇ ನಗೆ, ಅದೂ ಯಾರಿಗೆ ಅಂತ ಗೊತ್ತಾಗದ ನಗೆ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಅನ್ನುವ ಮನೋವಿಜ್ಞಾನಿ ತಾಯಂದಿರಿಗೆ ಕೆಲವೇ ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಮಗುವಿನ ಎದುರು ಕೂರಲು ಹೇಳಿದ್ದರು. ಕೆಲವು ತಿಂಗಳ ಕೂಸುಗಳೂ ಮೊದಲು ನಕ್ಕು, ಕೈಚಾಚಿ ತಾಯಿಯ ಗಮನ ಸೆಳೆಯಲು ನೋಡಿದವು. ಆಗಲಿಲ್ಲ ಅಂದಾಗ ಮುಖ ತಿರುಗಿಸಿದವು, ಕಂಗೆಟ್ಟವು. ಸ್ವಂತ ತಾಯಿಯ ಮುಖ ಉತ್ತರ ಕೊಡದಿದ್ದರೇ ಹೀಗೆ. ಆರಡಿ ಎತ್ತರದ, ಮಾತಾಡದ, ಮೇಲಿಂದ ಬಗ್ಗಿ ಕೈಚಾಚುವ ಗುರುತಿಲ್ಲದ ಮುಖವಾದರೆ?

ಅಂದರೆ ನಿಮ್ಮ ಮಗು ಪುಕ್ಕಲು ಅಲ್ಲ. ಅದರ ಲೆಕ್ಕಾಚಾರ ಸರಿಯಾಗಿಯೇ ಇದೆ. ಮಾಹಿತಿ ಸಾಲದು, ಅಷ್ಟೇ.

ಈಗಷ್ಟೇ ಕಿರುಚಿಕೊಂಡಿದ್ದರೆ

ಮೊದಲು ಎತ್ತಿಕೊಳ್ಳಿ, ಹಿಂದೆ ಸರಿಯಿರಿ. ವೇಷದವರಿಗೆ ಕೈಯೆತ್ತಿ 'ಬೇಡ' ಅಂತ ಸನ್ನೆ ಮಾಡಿ. ಮುಲಾಜು ಬೇಡ, ಅವರಿಗೆ ಇದು ದಿನಾ ನಡೆಯುವ ವಿಷಯ.

ಎಷ್ಟು ದೂರ ಹೋಗಬೇಕು? ಮಗುವಿನ ಮೈ ನೋಡಿ. ಕಾಲರ್ ಹಿಡಿದ ಮುಷ್ಟಿ ಸಡಿಲವಾಗುವ ತನಕ. ಕೆಲವರಿಗೆ ಹತ್ತು ಹೆಜ್ಜೆ ಸಾಕು, ಕೆಲವರಿಗೆ ಪಕ್ಕದ ಕೋಣೆಯೇ ಬೇಕು. ಅಲ್ಲಿ ನಿಂತು ಕಂಡದ್ದನ್ನು ಮಾತಲ್ಲಿ ಹೇಳಿ: "ದೊಡ್ಡ ತಲೆ. ಇದ್ದಕ್ಕಿದ್ದ ಹಾಗೆ ಬಂತು. ನಿಂಗೆ ಹೆದರಿಕೆ ಆಯ್ತು." ಇಷ್ಟೇ. "ಹೆದರಬೇಡ" ಅನ್ನಬೇಡಿ. ಹೆದರಿ ಆಗಿದೆ, ಈಗ ಅದನ್ನು ವಾಪಸ್ ತಗೋ ಅಂದರೆ ಮಗು ಏನು ಮಾಡೀತು? "ಇಲ್ಲಿಂದ ನೋಡೋಣ, ಹತ್ತಿರ ಹೋಗಲ್ಲ" ಅನ್ನಿ. ಹೇಳಿದ ಮೇಲೆ ನಿಜವಾಗಲೂ ಹೋಗಬೇಡಿ.

ಸಾಧ್ಯವಾದರೆ ಅಳು ನಿಂತು ಉಸಿರು ಸರಿಹೋಗುವ ತನಕ ಆ ದೂರದಲ್ಲೇ ಇರಿ, ಆಮೇಲೆ ಹೊರಡಿ. ಕಿರುಚಾಟದ ನಡುವೆಯೇ ಓಡಿಬಂದರೆ ಮಗುವಿನ ನೆನಪಿನಲ್ಲಿ ಕೊನೆಯದಾಗಿ ಉಳಿಯೋದು ಆ ಕಿರುಚಾಟ. ಆದರೆ ಅಳು ನಿಲ್ಲುವ ಲಕ್ಷಣವೇ ಇಲ್ಲದಿದ್ದರೆ ಸುಮ್ನೆ ಮನೆಗೆ ಹೋಗಿ. ಪಾಠ ಮಾಡಲು ಇದು ಹೊತ್ತಲ್ಲ.

ಇಲ್ಲೊಂದು ಎಚ್ಚರಿಕೆ. ಕೆಲವು ಮಕ್ಕಳು ಅಳುವುದೇ ಇಲ್ಲ. ಕೋಲಿನ ಹಾಗೆ ಸೆಟೆದು ನಿಂತುಬಿಡುತ್ತವೆ. "ನೋಡಿ, ಸುಮ್ಮನಾಯ್ತು" ಅಂತ ದೊಡ್ಡವರು ಖುಷಿಪಡುತ್ತಾರೆ. ಅದು ಧೈರ್ಯ ಅಲ್ಲ, ಹೆದರಿಕೆಯೇ. ಮಗು ಮಾತಾಡುತ್ತಿದೆಯಾ, ಭುಜ ಇಳಿದಿದೆಯಾ, ಕೈಯಲ್ಲಿರುವುದನ್ನು ತಿನ್ನುತ್ತಿದೆಯಾ ನೋಡಿ. ಇಲ್ಲ ಅಂದರೆ ಅದೂ ಕಿರುಚಾಟದ ಲೆಕ್ಕವೇ.

ನಿಮ್ಮ ಮುಖವೂ ಮುಖ್ಯ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದು ವರ್ಷದ ಮಕ್ಕಳನ್ನು ಗಾಜಿನ ಮೇಜಿನ ಮೇಲೆ ಬಿಟ್ಟಿದ್ದರು. ಗಾಜಿನ ಕೆಳಗೆ ಸುಮಾರು 30 ಸೆಂಟಿಮೀಟರ್ ಹಳ್ಳ ಇದ್ದ ಹಾಗೆ ಕಾಣುತ್ತಿತ್ತು. ಆ ಕಡೆ ತಾಯಿ. ತಾಯಿ ನಗುಮುಖ ಮಾಡಿದಾಗ 19 ಮಕ್ಕಳಲ್ಲಿ 14 ಮಕ್ಕಳು ದಾಟಿಕೊಂಡು ಬಂದವು. ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ನೀವು ಗಾಬರಿಯಾದರೆ, ಇಲ್ಲವೇ ನಾಚಿಕೆಯಿಂದ ಮುಖ ಕೆಂಪಗೆ ಮಾಡಿಕೊಂಡರೆ, ಮಗು ಅದನ್ನೂ ಓದುತ್ತದೆ.

ಮನೆಯಲ್ಲಿ: ಮುಖವಾಡದ ಆಟ

ನಿಜವಾದ ಕೆಲಸ ನಡೆಯೋದು ಮನೆಯಲ್ಲಿ. ಮೊದಲು ಎರಡು ದಿನ ಬಿಟ್ಟು, ಆಟವಾಡುವಾಗ ಕೇಳಿ: ಕರಡಿಯಲ್ಲಿ ಯಾವುದು ಇಷ್ಟ ಆಗಲಿಲ್ಲ? ಕಣ್ಣಾ, ಕೈಯಾ, ಸದ್ದಾ? ಮಾತು ಬಾರದ ಮಗುವಾದರೆ ಕಾಗದದ ಮೇಲೆ ನೀವೇ ಕರಡಿ ಬರೆದು, ಯಾವುದು ಅಂತ ಬೆರಳಿಟ್ಟು ತೋರಿಸಲು ಹೇಳಿ. ನನ್ನ ಮಗಳು ಬೆರಳಿಟ್ಟದ್ದು ಕೈಯ ಮೇಲೆ. ನಾನು ಇಷ್ಟು ದಿನ ಮುಖದ ಬಗ್ಗೆಯೇ ಮಾತಾಡುತ್ತಿದ್ದೆ. ಆ ದೊಡ್ಡ ಬೊಡ್ಡು ಕೈ ತನ್ನನ್ನು ಹಿಡಿದುಕೊಂಡರೆ ಅನ್ನೋದು ಅವಳ ಚಿಂತೆಯಾಗಿತ್ತು.

ಇನ್ನು ಆಟ. ಒಂದು ದಪ್ಪ ರಟ್ಟು ತಗೊಳ್ಳಿ, ಮುಖದಷ್ಟು ಅಗಲಕ್ಕೆ ದುಂಡಗೆ ಕತ್ತರಿಸಿ, ಕಣ್ಣಿಗೆ ದೊಡ್ಡದಾಗಿ ತೂತು ಮಾಡಿ, ಕೆಳಗೊಂದು ಕಡ್ಡಿ ಅಂಟಿಸಿ. ಬಣ್ಣ ಬಳಿಯೋದು ಮಗುವಿನ ಕೆಲಸ. ಅಂಗಡಿಯ ಮುಖವಾಡ ಬೇಡವಾ? ಈಗ ಬೇಡ. ತಾನೇ ಬಣ್ಣ ಬಳಿದದ್ದಕ್ಕೆ ಹೆದರೋದು ಕಷ್ಟ. ರಬ್ಬರ್ ದಾರದ್ದೂ ಬೇಡ. ಕಡ್ಡಿಯದ್ದಾದರೆ ಒಂದೇ ಸೆಕೆಂಡಿನಲ್ಲಿ ಕೆಳಗಿಳಿಯುತ್ತದೆ. ಈ ಆಟದ ಜೀವ ಇರೋದೇ ಆ ಒಂದು ಸೆಕೆಂಡಿನಲ್ಲಿ.

ಮೊದಲು ಮಗುವಿನ ಗೊಂಬೆಗೆ ಮುಖವಾಡ ಹಿಡಿಯಿರಿ. ಆಮೇಲೆ ಮಗುವೇ ಹಿಡಿದುಕೊಂಡು ಕನ್ನಡಿ ನೋಡಿಕೊಳ್ಳಲಿ. ಒಳಗಿಂದ ನೋಡಿದರೆ ತಾನು ತಾನೇ ಅನ್ನೋದು ಅಲ್ಲಿ ತಾನಾಗಿ ಗೊತ್ತಾಗುತ್ತದೆ, ನಾವು ಹೇಳಬೇಕಾಗಿಲ್ಲ. ನಿಮ್ಮ ಸರದಿ ಕೊನೆಗೆ. ಮುಖವಾಡ ಮೊದಲು ಎದೆಯ ಹತ್ತಿರ, ಆಮೇಲೆ ಗಲ್ಲದ ತನಕ, ಆಮೇಲೆ ಅರ್ಧ ಮುಖ. ಅಷ್ಟು ಹೊತ್ತೂ ಮಾತಾಡುತ್ತಲೇ ಇರಿ. ನಿಮ್ಮ ದನಿಯೇ ಮಗುವಿಗೆ ಹಗ್ಗ. ಪೂರ್ತಿ ಮುಖ ಮುಚ್ಚಿದಾಗಲೂ "ನಾನೇ ಇದ್ದೀನಿ" ಅಂತ ಅದೇ ದನಿ ಕೇಳುತ್ತಿರಬೇಕು.

ನಿಯಮ ಒಂದೇ. ಮಗು "ತೆಗಿ" ಅಂದ ಕೂಡಲೇ ತೆಗೆಯಬೇಕು. "ಒಂದು ನಿಮಿಷ ಇರು" ಇಲ್ಲ, "ಗರ್ರ್" ಅಂತ ತಮಾಷೆ ಇಲ್ಲ, ಮುಖವಾಡ ಹಿಡಿದುಕೊಂಡು ಮಗುವಿನ ಕಡೆ ಒಂದು ಹೆಜ್ಜೆಯೂ ಇಲ್ಲ. ಮೊದಲ ದಿನ ನನ್ನ ಮಗಳು ಸೋಫಾದ ಹಿಂದೆ ನಿಂತು, ಬರೀ ಕಣ್ಣು ಕಾಣಿಸುವ ಹಾಗೆ, "ಹಾಕು" ಅಂದಳು. ಹಾಕಿದೆ. "ತೆಗಿ!" ತೆಗೆದೆ. "ಹಾಕು." "ತೆಗಿ!" ನಲವತ್ತು ಸಲವಾದರೂ ಆಗಿರಬೇಕು. ನನ್ನ ಕೈ ಸೋತಿತು. ಅವಳು ಮಾತ್ರ ಸೋಫಾದ ಹಿಂದಿನಿಂದ ಪಕ್ಕಕ್ಕೆ, ಪಕ್ಕದಿಂದ ಮುಂದಕ್ಕೆ ಬಂದಿದ್ದಳು. ಕೊನೆಗೆ ಮುಖವಾಡವನ್ನು ತಾನೇ ಕಿತ್ತುಕೊಂಡು "ಅಪ್ಪ ಸಿಕ್ಕಿದ" ಅಂದಳು.

ದಿನಕ್ಕೆ ಐದು ಹತ್ತು ನಿಮಿಷ ಸಾಕು. ವಾರಕ್ಕೊಮ್ಮೆ ಒಂದು ಗಂಟೆ ಕೂರಿಸೋದಕ್ಕಿಂತ ಇದು ಮೇಲು. ಮುಖವಾಡ ಹಳೆಯದಾದ ಮೇಲೆ ಕೈಗವಸು, ಆಮೇಲೆ ತಲೆ ಮುಚ್ಚುವ ಕೋಟು, ಆಮೇಲೆ ಮೈತುಂಬ ಹೊದಿಕೆ. ನಾವು ದಪ್ಪ ಕೈಗವಸಿನ ಮೇಲೆ ಜಾಸ್ತಿ ದಿನ ಕಳೆದೆವು, ಕಾರಣ ಗೊತ್ತೇ ಇದೆ ಅಲ್ವಾ.

ವೇಷ ಹಾಕಿಕೊಳ್ಳುವ ವಿಡಿಯೊಗಳು ಸಿಗುತ್ತವೆ. ಮನುಷ್ಯ ಕಾಲು ತೂರಿಸಿ, ಜಿಪ್ ಎಳೆದು, ಕೊನೆಗೆ ತಲೆ ಇಟ್ಟುಕೊಳ್ಳೋದನ್ನು ಮೊದಲಿನಿಂದ ಕೊನೆಯ ತನಕ ತೋರಿಸುವಂಥದ್ದನ್ನು ಆರಿಸಿ. ಖಾಲಿ ವೇಷ ಮುಟ್ಟಲು ಸಿಕ್ಕರೆ ಇನ್ನೂ ಒಳ್ಳೆಯದು. ತಲೆಯೊಳಗೆ ಇಣುಕಲಿ. ಹಲವು ವೇಷಗಳಲ್ಲಿ ಒಳಗಿನವರು ನೋಡೋದು ಕರಡಿಯ ಕಣ್ಣಿನಿಂದಲ್ಲ, ಬಾಯಿಯ ಕಪ್ಪು ಜಾಲರಿಯಿಂದ. ಈ ಗುಟ್ಟು ಮಕ್ಕಳಿಗೆ ಬಹಳ ಇಷ್ಟ. ಆದರೆ ವೇಷ ಹಾಕಿ ನಿಂತವರಿಗೆ "ತಲೆ ತೆಗೆದು ತೋರಿಸಿ" ಅಂತ ಮಾತ್ರ ಹೇಳಬೇಡಿ. ಎಷ್ಟೋ ಕಡೆ ಅದಕ್ಕೆ ಅನುಮತಿ ಇರುವುದಿಲ್ಲ. ಅಲ್ಲದೆ ತನ್ನ ತಲೆಯನ್ನು ತಾನೇ ಕಿತ್ತು ಕಂಕುಳಲ್ಲಿ ಇಟ್ಟುಕೊಂಡ ಕರಡಿಯನ್ನು ಯಾವ ಮಗು ತಾನೇ ನೋಡಬೇಕು!

ಮೆಟ್ಟಿಲು ಮೆಟ್ಟಿಲಾಗಿ

ಹೆದರಿಕೆ ಬಿಡಿಸುವ ಈ ದಾರಿ ಹೊಸದಲ್ಲ. 1924ರಲ್ಲಿ ಮೇರಿ ಕವರ್ ಜೋನ್ಸ್ ಅನ್ನುವ ಮನೋವಿಜ್ಞಾನಿ ಪೀಟರ್ ಅನ್ನುವ ಮಗುವಿನ ಕಥೆ ಪ್ರಕಟಿಸಿದರು. ಶುರುವಿನಲ್ಲಿ ಅವನಿಗೆ ಎರಡು ವರ್ಷ ಹತ್ತು ತಿಂಗಳು. ಮೊಲ ಕಂಡರೆ ಆಗುತ್ತಿರಲಿಲ್ಲ. ತುಪ್ಪಳದ ಕೋಟು, ಗರಿ, ಹತ್ತಿ ಕಂಡರೂ ಹೆದರಿಕೆ. ಅವನು ಕುರ್ಚಿಯಲ್ಲಿ ಕೂತು ಇಷ್ಟದ ತಿಂಡಿ ತಿನ್ನುವಾಗ ಪಂಜರದೊಳಗಿನ ಮೊಲವನ್ನು ದೂರದಲ್ಲಿಟ್ಟು, ಅವನ ಊಟ ಕೆಡದಷ್ಟು ಹತ್ತಿರಕ್ಕೆ ಮಾತ್ರ, ದಿನದಿಂದ ದಿನಕ್ಕೆ ತಂದರು. ಹೆದರದ ಬೇರೆ ಮಕ್ಕಳನ್ನೂ ಜೊತೆಗೆ ಬಿಟ್ಟರು. ಕೊನೆಗೆ ಪೀಟರ್ ಮೊಲವನ್ನು ಸವರುವಷ್ಟಾದ.

ಕರಡಿಯ ವಿಷಯದಲ್ಲಿ ನಮ್ಮ ಮೆಟ್ಟಿಲು ಹೀಗಿತ್ತು: ಚಿತ್ರ, ಮೆತ್ತನೆಯ ಗೊಂಬೆ, ಸದ್ದಿಲ್ಲದ ವಿಡಿಯೊ, ಸದ್ದಿನ ವಿಡಿಯೊ, ಗಾಜಿನ ಬಾಗಿಲಾಚೆ ನಿಜವಾದ ವೇಷ, ಸಭಾಂಗಣದ ಆ ತುದಿಯಲ್ಲಿ ವೇಷ, ದೂರದಿಂದ ಟಾಟಾ, ಹತ್ತು ಹೆಜ್ಜೆ, ಐದು ಹೆಜ್ಜೆ. ನಿಮ್ಮ ಮಗುವಿಗೆ ಸದ್ದಿನದೇ ತೊಂದರೆಯಾದರೆ ಮೆಟ್ಟಿಲು ಬೇರೆಯಾಗುತ್ತದೆ. ಮುಟ್ಟೋದನ್ನು ನಾನು ಪಟ್ಟಿಗೇ ಹಾಕಿಲ್ಲ. ಅದು ಮಗುವಿನ ಇಷ್ಟ. ಗುರುತಿಲ್ಲದವರನ್ನು ತಬ್ಬಿಕೊಳ್ಳದಿರುವುದು ಒಳ್ಳೆಯ ಗುಣವೇ, ಅದನ್ನು ಯಾಕೆ ಬಿಡಿಸಬೇಕು?

ಮುಂದಿನ ಮೆಟ್ಟಿಲಿಗೆ ಯಾವಾಗ ಹೋಗಬೇಕು? ಮಗುವಿಗೆ ಬೇಜಾರು ಬಂದಾಗ. "ಸಾಕು, ಬೇರೆ ಹಾಕು" ಅಂತ ವಿಡಿಯೊ ನಿಲ್ಲಿಸಲು ಹೇಳಿದರೆ ಆ ಮೆಟ್ಟಿಲು ಮುಗಿಯಿತು ಅಂತ. ಹೆದರಿಕೆ ಇರುವ ಕಡೆ ಬೇಜಾರು ಬರುವುದಿಲ್ಲ.

ಲಂಚದ ಬಗ್ಗೆ ಒಂದು ಮಾತು. "ಕರಡಿಗೆ ಕೈ ಕೊಟ್ಟರೆ ಚಾಕಲೇಟ್" ಅನ್ನೋದು ಬೇರೆ, ಪೀಟರ್‌ನ ತಿಂಡಿ ಬೇರೆ. ಅವನು ತಿಂಡಿಗಾಗಿ ಏನೂ ಮಾಡಬೇಕಿರಲಿಲ್ಲ. ಅವನು ಖುಷಿಯಾಗಿದ್ದಾಗ ಮೊಲ ಅಲ್ಲಿತ್ತು, ಅಷ್ಟೇ. ಚಾಕಲೇಟಿನ ಆಸೆಗೆ ಕಣ್ಣುಮುಚ್ಚಿ ಕೈಚಾಚುವ ಮಗು ಕಲಿಯೋದು ಕಣ್ಣುಮುಚ್ಚೋದನ್ನು.

ಹೊರಗೆ ಹೋಗುವ ದಿನ

ವೇಷದವರು ಇರುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಇದ್ದರೆ ಯಾವ ವೇಷ, ಎಷ್ಟು ಹೊತ್ತಿಗೆ, ಯಾವ ಬಾಗಿಲಿನಿಂದ ಅನ್ನೋದನ್ನೂ ಕೇಳಿ. ಮಗುವಿಗೆ ಹೇಳಿ. ಮುಚ್ಚಿಟ್ಟು ಕರೆದುಕೊಂಡು ಹೋದರೆ ಒಂದು ಸಲ ನಡೆಯುತ್ತದೆ, ಎರಡನೇ ಸಲ ಮಗು ನಿಮ್ಮನ್ನೇ ನಂಬುವುದಿಲ್ಲ. ಒಂದು ಸನ್ನೆ ಗೊತ್ತು ಮಾಡಿಕೊಳ್ಳಿ. ನಮ್ಮದು ಕಿವಿ ಹಿಡಿಯೋದು. ಅವಳು ಕಿವಿ ಹಿಡಿದರೆ ನಾವು ಹಿಂದೆ ಸರಿಯುತ್ತೇವೆ, ಯಾಕೆ ಅಂತ ಕೇಳದೆ. ಮೊದಲ ಸಲ ಅವಳು ಸನ್ನೆ ನಿಜವಾಗಿ ಕೆಲಸ ಮಾಡುತ್ತಾ ಅಂತ ನೋಡಲೆಂದೇ ಮೂರು ಸಲ ಕಿವಿ ಹಿಡಿದಳು. ಮೂರು ಸಲವೂ ಸರಿದೆವು.

ವೇಷದವರ ಜೊತೆ ಸಾಮಾನ್ಯವಾಗಿ ಒಬ್ಬ ಸಹಾಯಕರು ಇರುತ್ತಾರೆ. ಮಾತಾಡಬೇಕಾದ್ದು ಅವರ ಹತ್ತಿರ. ಒಳಗಿನವರಿಗೆ ಕಾಣೋದು ಕಡಿಮೆ, ಕಾಲಬುಡದಲ್ಲಿರುವ ಚಿಕ್ಕ ಮಗು ಕಾಣದೇ ಹೋಗಬಹುದು. ಹೀಗೆ ಕೇಳಿ: "ನಮ್ಮ ಮಗುವಿಗೆ ಸ್ವಲ್ಪ ಹೆದರಿಕೆ. ಹತ್ತಿರ ಬರೋದು ಬೇಡ. ಅಲ್ಲೇ ಕೂತು ಕೈಬೀಸಿದರೆ ಸಾಕು." ಕೂತರೆ ಅರ್ಧ ಎತ್ತರ ಕಡಿಮೆಯಾಗುತ್ತದೆ. ಎದುರಿನಿಂದಲ್ಲದೆ ಪಕ್ಕಕ್ಕೆ ತಿರುಗಿ ಕೂತರೆ ಆ ನೆಟ್ಟ ಕಣ್ಣೂ ತಪ್ಪುತ್ತದೆ. ಮಗು ನಿಮ್ಮ ಸೊಂಟದ ಮೇಲೆ ಇರಲಿ, ಕೆಳಗಿಳಿಯುವುದು ಅದಕ್ಕೇ ಬೇಕಾದಾಗ.

ಬೇರೆ ಮಕ್ಕಳು ಮೊದಲು ಹೋಗಲಿ, ನೀವು ದೂರದಲ್ಲಿ ನಿಂತು ನೋಡಿ. 1967ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಮತ್ತು ಜೊತೆಗಾರರು ನಾಯಿಗೆ ಹೆದರುವ ಪುಟ್ಟ ಮಕ್ಕಳಿಗೆ, ಹೆದರದ ಮಗುವೊಂದು ನಾಯಿಯ ಜೊತೆ ಹಂತಹಂತವಾಗಿ ಆಡೋದನ್ನು ತೋರಿಸಿದ್ದರು. ನೋಡಿದ ಮಕ್ಕಳಲ್ಲಿ ಹೆದರಿಕೆ ಕಡಿಮೆಯಾಯಿತು. ಆದರೆ "ನೋಡು ಅವನು ಎಷ್ಟು ಜಾಣ, ನೀನು ಮಾತ್ರ..." ಅಂತ ಬಾಯಿಬಿಟ್ಟರೆ ಎಲ್ಲ ಕೆಟ್ಟಿತು. ಸುಮ್ನೆ ನೋಡಲು ಬಿಡಿ.

ಫೋಟೊ ಬೇಡ. ಮೊದಲ ಎರಡು ಮೂರು ಸಲ ಫೋನ್ ಜೇಬಿನಲ್ಲೇ ಇರಲಿ. ಫೋನ್ ಹೊರಗೆ ಬಂದರೆ ನಮ್ಮ ಕೈ ತನ್ನಷ್ಟಕ್ಕೆ ಮಗುವನ್ನು ಮುಂದೆ ತಳ್ಳುತ್ತದೆ. ಇದು ನನ್ನ ಅನುಭವದ ಮಾತು.

ಮನೆಯ ದೊಡ್ಡವರು

"ಊಟ ಮಾಡು, ಇಲ್ಲಾಂದ್ರೆ ಗುಮ್ಮ ಬರ್ತಾನೆ" ಅನ್ನುವವರು ಎಲ್ಲರ ಮನೆಯಲ್ಲೂ ಇದ್ದಾರೆ. ನಮ್ಮ ಮನೆಯಲ್ಲಿ ಅದು ನಾನೇ ಆಗಿದ್ದೆ. ಬಾಯಿಮಾತಿಗೆ ಗುಮ್ಮನನ್ನು ಕರೆದು ಕರೆದು, ಒಂದು ದಿನ ಅವನು ನಿಜವಾಗಿ ಬಾಗಿಲಲ್ಲಿ ನಿಂತಾಗ ಮಗು ಹೆದರಬಾರದು ಅಂದರೆ ಹೇಗೆ? "ಕರಡಿಗೆ ಹಿಡಿದುಕೊಡ್ತೀನಿ" ಅನ್ನೋದನ್ನು ಮನೆಯಲ್ಲಿ ಎಲ್ಲರೂ ಬಿಡಬೇಕು. ತಮಾಷೆಗೆ ಮುಖವಾಡ ಹಾಕಿಕೊಂಡು ಹಿಂದಿನಿಂದ ಬರುವ ಮಾವಂದಿರಿಗೆ ಒಂದು ಮಾತು ಮೊದಲೇ ಹೇಳಿಡಿ. ಸ್ವಲ್ಪ ಮುನಿಸಿಕೊಳ್ಳಬಹುದು. ಪರವಾಗಿಲ್ಲ.

ಮತ್ತೆ ಮೊದಲಿಗೇ ಬಂದರೆ

ಬರುತ್ತದೆ. ಪೀಟರ್‌ಗೂ ಬಂದಿತ್ತು. ನಡುವೆ ಜ್ವರ ಬಂದು ಎರಡು ತಿಂಗಳ ಹತ್ತಿರ ಆಸ್ಪತ್ರೆಯಲ್ಲಿದ್ದ. ವಾಪಸ್ ಬರುವಾಗ ದೊಡ್ಡ ನಾಯಿಯೊಂದು ಮೇಲೆರಗಿತು. ಅಷ್ಟು ದಿನ ಮಾಡಿದ್ದೆಲ್ಲ ಹೋಯಿತು. ಜೋನ್ಸ್ ಮತ್ತೆ ಮೊದಲಿನಿಂದ ಶುರುಮಾಡಿದರು. ನಿದ್ದೆಗೆಟ್ಟ ದಿನ, ಹುಷಾರಿಲ್ಲದ ದಿನ, ಹಸಿದ ಹೊತ್ತು ಹೊಸ ಮೆಟ್ಟಿಲು ಬೇಡ. ಜಾರಿದರೆ ಎರಡು ಮೆಟ್ಟಿಲು ಕೆಳಗಿಳಿದು ಅಲ್ಲಿಂದ ಹತ್ತಿ. ಎರಡನೇ ಸಲ ಹೆಚ್ಚು ದಿನ ಹಿಡಿಯುವುದಿಲ್ಲ, ಕನಿಷ್ಠ ನಮ್ಮ ಮನೆಯಲ್ಲಿ ಹಿಡಿಯಲಿಲ್ಲ.

ಡಾಕ್ಟರ ಹತ್ತಿರ ಯಾವಾಗ?

ಬಹಳಷ್ಟು ಮಕ್ಕಳಲ್ಲಿ ಇದು ವಯಸ್ಸಿನ ಜೊತೆ ತಾನಾಗಿ ಇಳಿಯುತ್ತದೆ. ಆದರೆ ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ ಅನ್ನುವ, ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಕೈಪಿಡಿಯಲ್ಲಿ, ಫೋಬಿಯಾ (ಕಾಯಿಲೆಯ ಮಟ್ಟಕ್ಕೆ ಹೋದ ಹೆದರಿಕೆ) ಬಗ್ಗೆ ಬರೆಯುವಾಗ, ಮಕ್ಕಳಲ್ಲಿ ಕಾಣುವ ಹೆದರಿಕೆಗೆ ಉದಾಹರಣೆಯಾಗಿ ಜೋರು ಸದ್ದನ್ನೂ ವೇಷಧಾರಿಗಳನ್ನೂ ಹೆಸರಿಸಿದ್ದಾರೆ. ಅಂದರೆ ಡಾಕ್ಟರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ, ಸಂಕೋಚ ಬೇಡ. 2013ರ ಐದನೇ ಆವೃತ್ತಿಯ ಪ್ರಕಾರ ಫೋಬಿಯಾ ಅನ್ನಬೇಕಾದರೆ ಹೆದರಿಕೆ ಸಾಮಾನ್ಯವಾಗಿ ಆರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಇರಬೇಕು, ದಿನದ ಬದುಕಿಗೆ ಅಡ್ಡಿಯಾಗಿರಬೇಕು. ಶಾಲೆಗೆ ಹೋಗಲ್ಲ ಅನ್ನೋದು, ರಾತ್ರಿ ಪದೇಪದೇ ಎದ್ದು ಅಳೋದು, ವೇಷದವರು ಇರಬಹುದು ಅನ್ನುವ ಅನುಮಾನಕ್ಕೇ ಹೊರಗೆ ಬರದಿರೋದು ಕಂಡರೆ ಆರು ತಿಂಗಳು ಕಾಯಬೇಡಿ. ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ, ಅವರು ಬೇಕಾದರೆ ಮಕ್ಕಳ ಮನೋತಜ್ಞರ ಹತ್ತಿರ ಕಳಿಸುತ್ತಾರೆ. ಸದ್ದು, ಬೆಳಕು, ಬಟ್ಟೆಯ ಚುಚ್ಚು ಎಲ್ಲದಕ್ಕೂ ಮಗು ಹೀಗೇ ಸಿಡಿಮಿಡಿಗೊಳ್ಳುತ್ತಿದ್ದರೆ ಅದನ್ನೂ ಹೇಳಿ.

ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಯಾವ ದಿನ, ಯಾವ ವೇಷ, ಎಷ್ಟು ದೂರದಲ್ಲಿ, ಸಮಾಧಾನವಾಗಲು ಎಷ್ಟು ನಿಮಿಷ ಹಿಡಿಯಿತು. ವಿಡಿಯೊ ತೋರಿಸಲೆಂದು ಮಗುವನ್ನು ಬೇಕಂತಲೇ ಹೆದರಿಸಬೇಡಿ. ಹಾಳೆ ಸಾಕು.